ಎಡಗಡೆ ಸ್ವಲ್ಪ ಸಡಿಲ

ಸಲೋಮಿಯ ಬಾಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಹೇಳುವವರು ವಿನೋಬನಗರದಲ್ಲಿ ಬೇಕಾದಷ್ಟು ಜನ ಇದ್ದರು. ಅದು ಪೂರ್ತಿ ನ್ಯಾಯವಲ್ಲ. ಯಾರ ಸೊಂಟ ಎಷ್ಟು ದಪ್ಪವಾಯಿತು, ಯಾರು ಅತ್ತೆಯ ಹಳೇ ಸೀರೆ ಕತ್ತರಿಸಿ ಮಗಳಿಗೆ ಚೂಡಿದಾರ್ ಮಾಡಿಸಿದರು, ಇಂಥವನ್ನೆಲ್ಲ ಅವಳು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು. ಇಷ್ಟು ವರ್ಷ ಹೊಲಿಗೆ ಮೆಷಿನ್ ಮುಂದೆ ಕೂತವಳಿಗೆ ಅಷ್ಟು ಮರ್ಯಾದೆ ಗೊತ್ತಿರುವುದಿಲ್ಲವೇ? ಅವಳ ಬಾಯಿ ಧಾರಾಳವಾಗಿ ತೆರೆಯುತ್ತಿದ್ದದ್ದು ಒಂದೇ ಕಡೆ, ದೇವರ ಮುಂದೆ. ತೊಂದರೆ ಏನೆಂದರೆ, ದೇವರ ಮುಂದೆ ಅವಳು ಒಬ್ಬಳೇ ಇರುತ್ತಿರಲಿಲ್ಲ. ಚರ್ಚ್ ಸಭೆಯ ಹೆಂಗಸರು, ಅಂದರೆ ಸಿಸ್ಟರುಗಳೆಲ್ಲ ಕಣ್ಣು ಮುಚ್ಚಿಕೊಂಡು, ಕಿವಿ ತೆರೆದುಕೊಂಡು ಸುತ್ತ ಕೂತಿರುತ್ತಿದ್ದರು.

ಆ ಸಭೆ ಇದ್ದದ್ದು ಸವಳಂಗ ರಸ್ತೆಯಲ್ಲಿ, ಟೈಲ್ಸ್ ಅಂಗಡಿಯ ಮೇಲಿನ ಹಾಲಿನಲ್ಲಿ. ಹೊಸ ವರ್ಷದ ಆರಾಧನೆಯ ದಿನ ಸಭೆಯ ಪಾಸ್ಟರ್ ಆನಂದ್ ಅಯ್ಯನವರು ಎಲ್ಲರಿಗೂ ಒಂದು ಪ್ರಶ್ನೆ ಹಾಕಿದರು. "ದೇವರು ನಿಮ್ಮನ್ನ ಸುಮ್ಮನೆ ಹುಟ್ಟಿಸಿಲ್ಲ. ನಂಬಿಕೆ ಇದೆ ಅಂತೀರಿ, ಪ್ರೀತಿ ಇದೆ ಅಂತೀರಿ. ಅದನ್ನ ಇಟ್ಕೊಂಡು ಏನು ಮಾಡ್ತಿದೀರಿ? ನಿಮ್ಮ ಬದುಕಿನ ಉದ್ದೇಶ ಏನು?" ಉಳಿದವರೆಲ್ಲ ಆಮೆನ್ ಎಂದು, ಕೇಕ್ ತಿಂದು, ಮನೆಗೆ ಹೋಗಿ ಮರೆತರು. ಸಲೋಮಿ ಮರೆಯಲಿಲ್ಲ. ಒಂದು ವಾರ ಹುಕ್ ಹಾಕುತ್ತಾ, ಫಾಲ್ ಹೊಲಿಯುತ್ತಾ ಅದನ್ನೇ ಯೋಚಿಸಿದಳು.

"ಹುಕ್ ಹಾಕೋದಕ್ಕಾ ರೀ ನನ್ನನ್ನ ಹುಟ್ಟಿಸಿದ್ದು?" ಎಂದು ಗಂಡನನ್ನು ಕೇಳಿದಳು. ಸೈಮನ್ ಸ್ಕೂಲ್ ವ್ಯಾನ್ ಓಡಿಸುವವನು, ದಿನವಿಡೀ ಮಕ್ಕಳ ಕಿರುಚಾಟ ಕೇಳಿ ಮನೆಗೆ ಬಂದರೆ ಅವನಿಗೆ ಇಂಥ ಪ್ರಶ್ನೆಗಳು ಬೇಕಿರಲಿಲ್ಲ.

"ಬರೀ ಹುಕ್ ಅಲ್ಲ, ಕಾಜನೂ ಇದೆ. ಅನ್ನ ಹಾಕು ಮಾರಾಯ್ತಿ" ಎಂದ.

ಕೊನೆಗೆ ಸಲೋಮಿಗೆ ಉತ್ತರ ಹೊಳೆಯಿತು. ಇನ್ನೊಬ್ಬರ ಭಾರವನ್ನು ಹೊತ್ತು ಪ್ರಾರ್ಥಿಸುವುದೇ ತನ್ನ ಕೆಲಸ. ಅಯ್ಯನವರಿಗೆ ಇದು ಬಹಳ ಹಿಡಿಸಿತು. ಸಭೆಯ ಹೆಂಗಸರ ಸರಪಳಿ ಪ್ರಾರ್ಥನೆಯನ್ನು ಅವಳ ಕೈಗೇ ಕೊಟ್ಟರು. ಅದರ ಕ್ರಮ ಹೀಗೆ: ಯಾರಿಗಾದರೂ ಕಷ್ಟ ಬಂದರೆ ಅವರ ಹೆಸರು, ಕಷ್ಟ ಎರಡನ್ನೂ ಫೋನಿನ ಗುಂಪಿಗೆ ಮಾತಿನಲ್ಲೇ ರೆಕಾರ್ಡ್ ಮಾಡಿ ಕಳಿಸಬೇಕು. ಶಿವಮೊಗ್ಗದ ಸಿಸ್ಟರುಗಳು, ಭದ್ರಾವತಿಯ ಸಿಸ್ಟರುಗಳು ಒಬ್ಬೊಬ್ಬರು ಒಂದೊಂದು ಗಂಟೆ ಹಂಚಿಕೊಂಡು, ಒಬ್ಬರು ಎದ್ದ ಮೇಲೆ ಇನ್ನೊಬ್ಬರು ಮೊಣಕಾಲೂರಬೇಕು. ಹೆಸರು ಮಾತ್ರ ಹೇಳಲೇಬೇಕು. ಹೆಸರಿಲ್ಲದ ಪ್ರಾರ್ಥನೆ ವಿಳಾಸವಿಲ್ಲದ ಕಾಗದದ ಹಾಗೆ ಎಂದು ಭದ್ರಾವತಿಯ ರೆಜಿನಾ ಯಾವಾಗಲೂ ಹೇಳುತ್ತಿದ್ದಳು. ರೆಜಿನಾ ಸಲೋಮಿಯ ಬಾಲ್ಯದ ಗೆಳತಿ. ಇಬ್ಬರ ಅಪ್ಪಂದಿರೂ ಅಲ್ಲಿನ ಕಾರ್ಖಾನೆಯಲ್ಲಿದ್ದವರು. ಸಲೋಮಿ ಮದುವೆಯಾಗಿ ಶಿವಮೊಗ್ಗಕ್ಕೆ ಬಂದಳು, ರೆಜಿನಾ ಭದ್ರಾವತಿಯ ನ್ಯೂಟೌನಿನಲ್ಲೇ ಉಳಿದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಪಕ್ಕದ ರಸ್ತೆಯ ಜಲಜಮ್ಮ ಹೊಸ ರೇಷ್ಮೆ ಸೀರೆಯ ಬ್ಲೌಸ್ ಪೀಸ್ ಹಿಡಿದುಕೊಂಡು ಸಲೋಮಿಯ ಅಂಗಡಿಗೆ ಬಂದರು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಜಲಜಮ್ಮನ ಗಂಡ ಸುಬ್ಬಪ್ಪ ಅಡಿಕೆ ಮಂಡಿಯಲ್ಲಿ ಕೆಲಸಕ್ಕಿದ್ದರು. ಒಬ್ಬಳೇ ಮಗಳು ಸುಪ್ರಿಯಾ, ಶಾಲೆಯಲ್ಲಿ ಟೀಚರ್. ಅವಳಿಗೆ ಭದ್ರಾವತಿಯ ದುಶ್ಯಂತ್ ಎಂಬ ಹುಡುಗ ಗೊತ್ತಾಗಿದ್ದ. ಏಪ್ರಿಲ್‌ನಲ್ಲಿ ಮದುವೆ. ಧಾರೆ ಎರೆಯುವಾಗ ತಾವು ಉಡುವ ಸೀರೆ ಅದು, ಅದಕ್ಕೇ ಜಲಜಮ್ಮನಿಗೆ ಅಷ್ಟು ಸಂಭ್ರಮ.

"ಅಳತೆ ಬ್ಲೌಸ್ ತಂದಿದೀನಿ. ಹಾಗೇ ಹೊಲಿ. ಎಡಗಡೆ ಮಾತ್ರ ಸ್ವಲ್ಪ ಸಡಿಲ ಇಡು."

"ಒಂದು ಕಡೆ ಮಾತ್ರ ಸಡಿಲ ಇಟ್ರೆ ಸುಕ್ಕು ಬರುತ್ತೆ ಜಲಜಕ್ಕ. ಯಾಕೆ?"

"ಒತ್ತುತ್ತೆ ಕಣೆ."

ಸಲೋಮಿ ಟೇಪು ಕೆಳಗಿಟ್ಟಳು. ಜಲಜಮ್ಮ ಬೆಂಚಿನ ಮೇಲೆ ಕೂತರು. ಆಮೇಲೆ ಬಾಗಿಲ ಕಡೆ ನೋಡಿ, ಸಲೋಮಿಯ ಕೈ ಹಿಡಿದು ತಮ್ಮ ಸೆರಗಿನ ಒಳಗೆ ಇಟ್ಟುಕೊಂಡರು. ಒಂದು ಗಂಟು. ಬಟಾಣಿಯಷ್ಟಲ್ಲ, ಅಡಿಕೆಯಷ್ಟಿತ್ತು. ಗಟ್ಟಿ.

"ಡಾಕ್ಟರಿಗೆ ತೋರಿಸಿದ್ರಾ?"

"ಮದುವೆ ಮುಗೀಲಿ."

"ಜಲಜಕ್ಕ, ಏಪ್ರಿಲ್‌ವರೆಗೆ ಕಾಯೋ ವಿಷಯ ಅಲ್ಲ ಇದು."

"ನೋಡು ಸಲೋಮಿ. ಈಗ ಹೇಳಿದ್ರೆ ನಮ್ಮನೆಯವರು ಮದುವೆ ಮುಂದಕ್ಕೆ ಹಾಕ್ತಾರೆ. ಗಂಡಿನ ಕಡೆಯವರು ತಾಯಿಗೆ ಬಂದಿದ್ದು ಮಗಳಿಗೂ ಬರುತ್ತೆ ಅಂತಾರೆ. ಎಷ್ಟು ಕಡೆ ಜಾತಕ ತಿರುಗಿಸಿ ಈ ಹುಡುಗ ಸಿಕ್ಕಿದಾನೆ, ನಿನಗೆ ಗೊತ್ತಿಲ್ವಾ? ಧಾರೆ ಎರೆದುಬಿಡ್ತೀನಿ. ಆಮೇಲೆ ನೀನೇ ಕರ್ಕೊಂಡು ಹೋಗು, ಎಲ್ಲಿಗೆ ಬೇಕಾದ್ರೂ ಬರ್ತೀನಿ. ಯಾರಿಗೂ ಹೇಳಲ್ಲ ಅಂತ ಆಣೆ ಇಡು."

"ನಮ್ಮಲ್ಲಿ ಆಣೆ ಇಡಲ್ಲ ಜಲಜಕ್ಕ. ಮಾತು ಅಂದ್ರೆ ಮಾತು" ಎಂದಳು ಸಲೋಮಿ. ಎಷ್ಟು ಗಟ್ಟಿಯಾಗಿ ಹೇಳಿದಳೆಂದರೆ ಜಲಜಮ್ಮನ ಮುಖ ಅರಳಿತು. ಅಯ್ಯೋ ಪುಣ್ಯಾತ್ಗಿತ್ತಿ, ಆಣೆಯನ್ನಾದರೂ ಇಟ್ಟಿದ್ದರೆ ಭಯಕ್ಕಾದರೂ ಬಾಯಿ ಮುಚ್ಚಿಕೊಂಡಿರುತ್ತಿದ್ದಳೋ ಏನೋ.

ಆಮೇಲೆ ಶುರುವಾಯಿತು ಅವಳ ಒದ್ದಾಟ. ಸುಬ್ಬಪ್ಪನವರು ಸ್ಕೂಟರಿನಲ್ಲಿ ಹೋಗುವುದನ್ನು ಕಂಡಾಗಲೆಲ್ಲ, ನಿಲ್ಲಿಸಿ ಹೇಳಿಬಿಡಲೇ ಎನಿಸುತ್ತಿತ್ತು. ಕೊಟ್ಟ ಮಾತು ನೆನಪಾಗಿ ನಾಲಿಗೆ ಒಳಗೆ ಹೋಗುತ್ತಿತ್ತು. ಹೇಳಿದರೆ ನಂಬಿಕೆದ್ರೋಹ. ಹೇಳದಿದ್ದರೆ ಒಂದು ಜೀವ ಕಣ್ಣೆದುರಿಗೇ ಹೋಗುವುದನ್ನು ನೋಡುತ್ತಾ ಕೂರಬೇಕು. ಇದರಲ್ಲಿ ಯಾವುದಪ್ಪಾ ಪ್ರೀತಿ? ಉದ್ದೇಶ ಕೊಟ್ಟೆಯಲ್ಲ, ದಾರಿಯನ್ನೂ ತೋರಿಸಬಾರದೇ ಎಂದು ಮೆಷಿನ್ ತುಳಿಯುತ್ತಾ ದೇವರನ್ನೇ ಜಗ್ಗಾಡಿದಳು. ಬೇರೆಯವರ ವಿಷಯದಲ್ಲಿ ಚಕ್ಕನೆ ಉತ್ತರ ಕೊಡುವ ದೇವರು ಈ ಸಲ ತುಟಿ ಬಿಚ್ಚಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಅವಳಿಗೆ ಮೂರನೇ ದಾರಿ ಕಾಣಿಸಿತು. ಜನರಿಗೆ ಹೇಳುವುದು ಬೇಡ, ಸರಿ. ದೇವರಿಗೆ ಹೇಳುವುದು ಹೇಳಿದಂತೆ ಆಗುತ್ತದೆಯೇ? ಇಲ್ಲವಲ್ಲ! ಕೂಡಲೇ ಫೋನ್ ಎತ್ತಿಕೊಂಡು ಗುಂಪಿಗೆ ಮಾತು ಕಳಿಸಿದಳು. "ಸಿಸ್ಟರ್ಸ್, ನಮ್ಮ ಪಕ್ಕದ ರಸ್ತೆ ಜಲಜಮ್ಮ ಅಂತ. ಎದೆಯಲ್ಲಿ ಗಂಟು. ಮನೇಲಿ ಯಾರಿಗೂ ಗೊತ್ತಿಲ್ಲ. ಮಗಳು ಸುಪ್ರಿಯಾ ಮದುವೆ ಭದ್ರಾವತಿ ನ್ಯೂಟೌನಿನ ಹುಡುಗನ ಜೊತೆ ನಿಶ್ಚಯ ಆಗಿದೆ. ದಯವಿಟ್ಟು ಯಾರಿಗೂ ಹೇಳಬೇಡಿ, ಪ್ರಾರ್ಥನೆ ಮಾತ್ರ ಮಾಡಿ." ಕಳಿಸಿದ ಮೇಲೆ ಅವಳಿಗೆ ಎಷ್ಟು ಹಗುರವಾಯಿತೆಂದರೆ, ಆವತ್ತು ಎರಡು ಚೂಡಿದಾರ್ ಹೆಚ್ಚಿಗೆ ಹೊಲಿದಳು.

ಆ ಹಗುರ ಆ ವಾರ ಮುಗಿಯುವವರೆಗೂ ಬಾಳಲಿಲ್ಲ. ಶುಕ್ರವಾರ ರೆಜಿನಾ ಫೋನ್ ಮಾಡಿದಳು. ದನಿಯಲ್ಲಿ ಖುಷಿಯೋ ಖುಷಿ.

"ಸಲೋಮಿ, ಆ ಹುಡುಗನ ಅಮ್ಮ ಸಾವಿತ್ರಮ್ಮ ನಮ್ಮ ಎದುರು ಮನೆಯವರೇ ಕಣೆ! ದೇವರ ಏರ್ಪಾಡು ನೋಡು. ಸೊಪ್ಪು ತಗೊಳ್ಳೋವಾಗ ಸಿಕ್ಕಿದ್ರು. ನಿಮ್ಮ ಬೀಗಿತ್ತಿಗೋಸ್ಕರ ನಾವು ಉಪವಾಸ ಇದ್ದು ಪ್ರಾರ್ಥನೆ ಮಾಡ್ತಿದೀವಿ, ಧೈರ್ಯವಾಗಿರಿ ಅಂತ ಸಮಾಧಾನ ಹೇಳಿದೆ."

ಸಲೋಮಿ ಕತ್ತರಿ ಬಿಸಾಡಿ ಎದ್ದಳು. "ಯಾರಿಗೂ ಹೇಳಬೇಡ ಅಂದಿದ್ನಲ್ಲೇ!"

"ಅಯ್ಯೋ ಕಡವುಳೇ, ದೇವರೇ! ನಾನು ಬೇರೆಯವರಿಗೆ ಎಲ್ಲಿ ಹೇಳಿದೆ? ಅವರ ಸಂಬಂಧದವರಿಗೇ ತಾನೇ ಹೇಳಿದ್ದು? ಅವರಿಗೆ ಗೊತ್ತೇ ಇರುತ್ತೆ ಅಂದ್ಕೊಂಡೆ."

ತಪ್ಪು ಯಾರದು ಹೇಳಿ. ರೆಜಿನಾ ನಿಜವಾಗಿಯೂ ಉಪವಾಸವಿದ್ದಳು. ಅವಳ ಕರುಣೆಯಲ್ಲಿ ಒಂದು ಚೂರೂ ಕಲಬೆರಕೆ ಇರಲಿಲ್ಲ. ಅದೇ ಬಂದ ಕೇಡು. ಕೆಟ್ಟ ಮನಸ್ಸಿನಿಂದ ಹೇಳಿದ್ದರೆ ಬೈದು ಹಗುರಾಗಬಹುದಿತ್ತು.

ಸಲೋಮಿ ಚಪ್ಪಲಿ ಮೆಟ್ಟಿ ಓಡಿ ಭದ್ರಾವತಿ ಬಸ್ ಹತ್ತಿದಳು. ಸಾವಿತ್ರಮ್ಮನ ಕಾಲಿಗೆ ಬಿದ್ದಾದರೂ ಸರಿ, ಮದುವೆಯವರೆಗೆ ಸುಮ್ಮನಿರಿ ಎಂದು ಬೇಡಿಕೊಳ್ಳುವುದು ಎಂದು ತೀರ್ಮಾನಿಸಿದ್ದಳು. ಮಲವಗೊಪ್ಪ ದಾಟುವಷ್ಟರಲ್ಲಿ ಆ ತೀರ್ಮಾನವೂ ಅಲ್ಲಾಡತೊಡಗಿತು. ಸುಮ್ಮನಿರಿ ಎಂದು ಬೇಡುವುದು ಎಂದರೆ, ಜಲಜಕ್ಕ ಏಪ್ರಿಲ್‌ವರೆಗೆ ಆ ಗಂಟನ್ನು ಹೊತ್ತುಕೊಂಡಿರಲಿ ಎಂದು ಬೇಡಿದ ಹಾಗೇ ತಾನೇ? ಅಯ್ಯೋ, ನಾನು ಏನನ್ನು ಕೇಳೋದಕ್ಕೆ ಹೋಗ್ತಿದೀನಿ? ಪಕ್ಕದಲ್ಲಿ ಕೂತಿದ್ದ ಹೆಂಗಸು ಇವಳ ಮುಖ ನೋಡಿ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟಳು.

ನ್ಯೂಟೌನಿನಲ್ಲಿ ಸಾವಿತ್ರಮ್ಮನ ಮನೆಗೆ ಬೀಗ ಬಿದ್ದಿತ್ತು. ಗೇಟಿನ ಹತ್ತಿರ ರೆಜಿನಾ ಸಪ್ಪೆ ಮುಖ ಮಾಡಿಕೊಂಡು ನಿಂತಿದ್ದಳು. "ಗಂಡ ಹೆಂಡ್ತಿ ಇಬ್ಬರೂ ಕಾರಲ್ಲಿ ಶಿವಮೊಗ್ಗಕ್ಕೆ ಹೋದ್ರು. ಜಲಜಮ್ಮನ ಮನೆಗೇ" ಎಂದಳು.

ಮತ್ತೆ ಬಸ್ಸು. ಸಲೋಮಿ ವಿನೋಬನಗರ ಮುಟ್ಟುವಾಗ ಜಲಜಮ್ಮನ ಮನೆಯ ಮುಂದೆ ಕಾರು ಹೊರಡಲು ತಯಾರಾಗಿತ್ತು. ಗಂಡನ ಹಿಂದೆ ಮೆಟ್ಟಿಲಿಳಿಯುತ್ತಿದ್ದ ಸಾವಿತ್ರಮ್ಮ ಸಿಟ್ಟಿನಲ್ಲಿರಲಿಲ್ಲ, ಬೇಜಾರಿನಲ್ಲಿದ್ದರು. "ಕಾಯಿಲೆ ಬರೋದು ಯಾರ ಕೈಲಿದೆ ಸುಬ್ಬಪ್ಪನವ್ರೇ? ಅದಕ್ಕಲ್ಲ. ನಮಗೆ ಸಮಾಧಾನ ಹೇಳೋಕೆ ಎದುರು ಮನೆಯವರು ಬರ್ತಾರೆ, ನಮಗೇ ವಿಷಯ ಗೊತ್ತಿಲ್ಲ. ಇನ್ನೂ ಏನೇನು ಮುಚ್ಚಿಟ್ಟಿದೀರೋ ಅನ್ನಿಸಲ್ವಾ? ಮೊದಲು ಅವರನ್ನ ಆಸ್ಪತ್ರೆಗೆ ತೋರಿಸಿ. ಮದುವೆ ವಿಷಯ ಆಮೇಲೆ ನೋಡೋಣ" ಎಂದು ಹೇಳಿ ಕಾರು ಹತ್ತಿದರು.

ಸುಬ್ಬಪ್ಪನವರು ಜಗಲಿಯ ಮೇಲೆ ಹಾಗೇ ನಿಂತಿದ್ದರು. ಹೆಂಡತಿಯ ಕಾಯಿಲೆ ಅವರಿಗೂ ಗೊತ್ತಾದದ್ದು ಆಗಲೇ, ಬೀಗರ ಬಾಯಿಂದಲೇ. ಒಳಗಿನಿಂದ ಬಂದ ಜಲಜಮ್ಮ ಗೇಟಿನ ಹತ್ತಿರ ನಿಂತಿದ್ದ ಸಲೋಮಿಯನ್ನು ನೋಡಿದರು.

"ಯಾರಿಗೆ ಹೇಳಿದೆ?"

"ದೇವರಿಗೆ, ಜಲಜಕ್ಕ."

"ನಿನ್ನ ದೇವರು ಭದ್ರಾವತಿ ನ್ಯೂಟೌನಲ್ಲಿ ಇರ್ತಾನಾ?"

ಅಷ್ಟು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸಲೋಮಿ ರಸ್ತೆಯಲ್ಲೇ ನಿಂತು ಗೊಳೋ ಎಂದು ಅತ್ತಳು. ರಾತ್ರಿ ಊಟಕ್ಕೆ ಕೂತಾಗ ಸೈಮನ್, "ಊರಿಗೆಲ್ಲ ಜಿಪ್ ಹಾಕಿ ಕೊಡ್ತೀಯಲ್ಲ, ನಿನ್ನ ಬಾಯಿಗೂ ಒಂದು ಹಾಕ್ಕೋಬಾರದಾ?" ಎಂದ. ಹೆಂಡತಿ ನಗಲೂ ಇಲ್ಲ, ಬೈಯಲೂ ಇಲ್ಲ. ಅವನಿಗೇ ಪಾಪ ಎನಿಸಿ, ತಟ್ಟೆ ತಾನೇ ತೊಳೆದ.

ಮರುದಿನವೇ ಸುಬ್ಬಪ್ಪನವರು ಹೆಂಡತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಪರೀಕ್ಷೆ, ಸ್ಕ್ಯಾನಿಂಗ್, ಅದರ ಬೆನ್ನಿಗೇ ಆಪರೇಷನ್. ಎಡಗಡೆಯದನ್ನು ಪೂರ್ತಿ ತೆಗೆದರು. ಗಾಯ ಮಾಗಿದ ಮೇಲೆ ಕೀಮೋ ಔಷಧಿ ಏರಿಸುವುದೂ ಶುರುವಾಯಿತು. ಏಪ್ರಿಲ್‌ವರೆಗೆ ಕಾದಿದ್ದರೆ ಕೈಮೀರಿ ಹೋಗುತ್ತಿತ್ತು ಎಂದು ಡಾಕ್ಟರು ಹೇಳಿದರಂತೆ. ಇತ್ತ ಭದ್ರಾವತಿಯವರು ಮೊದಮೊದಲು ಫೋನ್ ಎತ್ತುತ್ತಿದ್ದರು, ಆಮೇಲೆ ಎತ್ತುವುದನ್ನೂ ಬಿಟ್ಟರು. ದುಶ್ಯಂತನಿಗೆ ಬೇರೆ ಕಡೆ ಹೆಣ್ಣು ನೋಡುತ್ತಿದ್ದಾರೆಂಬ ಸುದ್ದಿ ಬಂತು. ಧಾರೆಯ ಬ್ಲೌಸ್ ಹೊಲಿದು ಮುಗಿದಿತ್ತು. ಒಯ್ಯುವವರಿಲ್ಲದೆ ಸಲೋಮಿಯ ಅಂಗಡಿಯ ಗೋಡೆಯ ಮೇಲೆ ನೇತಾಡುತ್ತಿತ್ತು.

ಒಂದು ಸಂಜೆ ಸುಪ್ರಿಯಾ ಬಂದಳು. ಕೂರು ಎಂದರೂ ಕೂರಲಿಲ್ಲ.

"ಆಂಟಿ, ನಮ್ಮಮ್ಮನ್ನ ಉಳಿಸಿದ್ರಿ. ನನ್ನ ಮದುವೆ ಹಾಳು ಮಾಡಿದ್ರಿ. ಥ್ಯಾಂಕ್ಸ್ ಹೇಳೋಣ ಅಂತ ಮನೆಯಿಂದ ಹೊರಟೆ, ರಸ್ತೆ ತಿರುಗೋಷ್ಟರಲ್ಲಿ ಬೈಯ್ಯೋಣ ಅನ್ನಿಸ್ತು. ಈಗ ಏನು ಹೇಳಬೇಕು ಅಂತಾನೇ ಗೊತ್ತಾಗ್ತಿಲ್ಲ."

"ನನಗೂ ಗೊತ್ತಾಗ್ತಿಲ್ಲ ಪುಟ್ಟಾ. ನೀನು ಬೈದೇಬಿಡು."

ಸುಪ್ರಿಯಾ ಬೈಯಲಿಲ್ಲ. ಗೋಡೆಯ ಮೇಲಿದ್ದ ಬ್ಲೌಸ್ ನೋಡಿದಳು, ಅದರ ತೋಳಿನ ಅಂಚನ್ನು ಒಮ್ಮೆ ಮುಟ್ಟಿ ಹೊರಟುಹೋದಳು.

ಇಷ್ಟರಲ್ಲಿ ಸಭೆಯಲ್ಲಿ ಹಬ್ಬದ ವಾತಾವರಣ. ಸರಪಳಿ ಪ್ರಾರ್ಥನೆಯ ಮಹಿಮೆ ನೋಡಿ, ಮುಚ್ಚಿಟ್ಟ ರೋಗವನ್ನು ದೇವರು ಬೆಳಕಿಗೆ ತಂದ, ಸಾಯುವವರನ್ನು ಎಬ್ಬಿಸಿ ಕೂರಿಸಿದ ಎಂದು ಸಿಸ್ಟರುಗಳೆಲ್ಲ ಕುಣಿದಾಡಿದರು. ಅಯ್ಯನವರು ಸಲೋಮಿಗೆ ಫೋನ್ ಮಾಡಿ, "ಈ ಭಾನುವಾರ ನೀವು ಸಾಕ್ಷಿ ಹೇಳಬೇಕು ಸಿಸ್ಟರ್. ನಡೆದಿದ್ದೆಲ್ಲ ಬಿಡಿಸಿ ಹೇಳಿ, ಸಭೆಯ ನಂಬಿಕೆ ಬಲವಾಗುತ್ತೆ" ಎಂದರು.

"ಅಯ್ಯನವ್ರೇ, ನಾನು ಮಾತಿಗೆ ತಪ್ಪಿದೋಳು."

"ದೇವರು ನಮ್ಮ ತಪ್ಪನ್ನೂ ಒಳ್ಳೇದಕ್ಕೆ ಬಳಸ್ತಾನಮ್ಮ."

"ಹಾಗಾದ್ರೆ ಸುಪ್ರಿಯಾ ಮದುವೆ ಮುರಿದಿದ್ದೂ ದೇವರ ಲೆಕ್ಕಕ್ಕಾ, ನನ್ನ ಲೆಕ್ಕಕ್ಕಾ?"

ಅಯ್ಯನವರು ಒಳ್ಳೆಯವರು, ಗೊತ್ತಿಲ್ಲದ್ದಕ್ಕೆ ಉತ್ತರ ಹೊಸೆಯುವವರಲ್ಲ. "ಅದಕ್ಕೂ ಪ್ರಾರ್ಥನೆ ಮಾಡೋಣ" ಎಂದು ಫೋನ್ ಇಟ್ಟರು. ಸಲೋಮಿಗೆ ತಲೆ ಇನ್ನಷ್ಟು ಕೆಟ್ಟಿತು. ಸಾಕ್ಷಿ ಹೇಳಿದರೆ ದೇವರಿಗೆ ಮಹಿಮೆ, ಜಲಜಕ್ಕನಿಗೆ ಮತ್ತೊಮ್ಮೆ ಬೀದಿ. ಹೇಳದಿದ್ದರೆ ಬದುಕಿಸಿದ ದೇವರಿಗೇ ಮುಖ ತಿರುಗಿಸಿದ ಹಾಗೆ ಆಗುವುದಿಲ್ಲವೇ?

ಶನಿವಾರ ಮಧ್ಯಾಹ್ನ ಅಂಗಡಿಯ ಬಾಗಿಲಲ್ಲಿ ನೆರಳು ಬಿತ್ತು. ಜಲಜಮ್ಮ. ಸೊರಗಿದ್ದರು, ತಲೆಗೆ ಬಟ್ಟೆ ಕಟ್ಟಿಕೊಂಡಿದ್ದರು, ಸೆರಗನ್ನು ಎದೆಯ ತುಂಬ ಹೊದ್ದಿದ್ದರು. ಸಲೋಮಿ ಎದ್ದು ನಿಂತಳು.

"ಬಾಗಿಲು ಹಾಕು" ಎಂದರು ಜಲಜಮ್ಮ. ಹಾಕಿದ ಮೇಲೆ ಸೆರಗು ಸರಿಸಿದರು. ಬ್ಲೌಸಿನ ಎಡಭಾಗ ಜೋತುಬಿದ್ದಿತ್ತು. "ಅವತ್ತು ಸಡಿಲ ಇಡು ಅಂದಿದ್ದೆ. ಈಗ ಎಲ್ಲಾ ಸಡಿಲವೇ. ಸೆರಗು ಜಾರಿದ್ರೆ ಜನ ನೋಡ್ತಾರೆ. ನಮ್ಮನೆಯವರು ಮುಖ ಆ ಕಡೆ ತಿರುಗಿಸ್ಕೊಂಡು ಅಳ್ತಾರೆ. ಬೇರೆ ಟೈಲರ್ ಹತ್ರ ಹೋಗಿ ಹೇಗೆ ಹೇಳಲಿ? ನಿನಗೆ ಗೊತ್ತಿರೋದೇ ಅಲ್ವಾ. ಏನಾದ್ರೂ ಮಾಡಿಕೊಡು."

"ಒಳಗೆ ಹತ್ತಿ ಇಟ್ಟು ಮೆತ್ತಗೆ ಹೊಲೀತೀನಿ ಜಲಜಕ್ಕ. ಯಾರಿಗೂ ಗೊತ್ತಾಗಲ್ಲ."

"ಆ ಧಾರೆ ಬ್ಲೌಸಿಗೇ ಮಾಡು. ಧಾರೆ ಇಲ್ಲದಿದ್ರೆ ಬ್ಲೌಸ್ ಏನು ತಪ್ಪು ಮಾಡಿತ್ತು? ನಿನ್ನನ್ನ ಕ್ಷಮಿಸಿದೀನಿ ಅಂದ್ಕೋಬೇಡ. ಬದುಕಿದೀನಿ ಅಂತ ಬೆಳಿಗ್ಗೆ ಅನ್ನಿಸಿದಾಗ ನಿನ್ನ ನೆನಪಾಗುತ್ತೆ. ಮಗಳ ಮುಖ ನೋಡಿದ್ರೂ ನಿನ್ನ ನೆನಪೇ ಆಗುತ್ತೆ. ಎರಡೂ ಒಂದೇ ನೆನಪಲ್ಲ." ಬಾಗಿಲು ತೆಗೆಯುವ ಮುಂಚೆ ತಿರುಗಿ ನೋಡಿದರು. "ಇದನ್ನೂ ನಿನ್ನ ಗುಂಪಿಗೆ ಹೇಳ್ತೀಯಾ?"

ಮಾತು ಅಂದ್ರೆ ಮಾತು ಎನ್ನಲು ಸಲೋಮಿಯ ನಾಲಿಗೆಗೆ ಈಗ ಧೈರ್ಯವಿರಲಿಲ್ಲ. ಇಲ್ಲವೆಂದು ತಲೆ ಅಲ್ಲಾಡಿಸಿದಳು, ಅಷ್ಟೇ.

ಭಾನುವಾರ ಹಾಲ್ ತುಂಬಿತ್ತು. ರೆಜಿನಾ ಭದ್ರಾವತಿಯಿಂದ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದಳು. ಹಾಡು ಮುಗಿದ ಮೇಲೆ ಅಯ್ಯನವರು ಮೈಕನ್ನು ಸಲೋಮಿಯ ಕೈಗೆ ಕೊಟ್ಟರು. ಬಾಯಿ ತೆರೆದರೆ ಸಾಕು ಕಟ್ಟೆಯೊಡೆದಂತೆ ಪ್ರಾರ್ಥಿಸುತ್ತಿದ್ದವಳು ಮೈಕ್ ಹಿಡಿದು ಸುಮ್ಮನೆ ನಿಂತಳು.

"ನನ್ನ ಹತ್ರ ಸಾಕ್ಷಿ ಇಲ್ಲ" ಎಂದಳು ಕೊನೆಗೆ. "ಒಂದು ಪ್ರಾರ್ಥನೆ ಇದೆ. ಒಬ್ರು ಇದಾರೆ. ಅವರಿಗೋಸ್ಕರ ಪ್ರಾರ್ಥನೆ ಮಾಡಿ."

"ಯಾರು ಸಿಸ್ಟರ್? ಹೆಸರು?" ಎಂದಳು ರೆಜಿನಾ, ಅಭ್ಯಾಸಬಲದಿಂದ.

"ಹೆಸರು ಹೇಳಲ್ಲ. ಏನು ಕಷ್ಟ ಅಂತಾನೂ ಹೇಳಲ್ಲ."

ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ದೇವರು ಮಾಡಿದ ಉಪಕಾರ ಹೇಳಲು ನಾಚಿಕೆಯೇ ಎಂದು ಯಾರೋ ಕೇಳಿಸುವಂತೆಯೇ ಅಂದರು. ಅಯ್ಯನವರ ಮುಖ ಚಿಕ್ಕದಾಯಿತು. ಸಲೋಮಿ ಮೈಕ್ ಕೊಟ್ಟು ಕೆಳಗಿಳಿದಳು. ತಾನು ಮಾಡಿದ್ದು ಪ್ರೀತಿಯೋ ಹೆದರಿಕೆಯೋ ಅವಳಿಗೇ ತಿಳಿಯಲಿಲ್ಲ. ಕೇಕ್‌ಗೂ ನಿಲ್ಲದೆ ಮನೆಗೆ ಬಂದು, ಭಾನುವಾರ ಮೆಷಿನ್ ಮುಟ್ಟಬಾರದೆಂಬ ತನ್ನ ನಿಯಮವನ್ನೂ ಮುರಿದು, ಹತ್ತಿಯ ಮೆತ್ತೆಯನ್ನು ಬ್ಲೌಸಿನ ಎಡಗಡೆಗೆ ಹೊಲಿದಳು.

ಸಂಜೆ ಜಲಜಮ್ಮ ಬಂದರು. ಬಾಗಿಲು ಹಾಕಿ, ಬ್ಲೌಸ್ ತೊಟ್ಟು, ಕನ್ನಡಿಯ ಮುಂದೆ ನಿಂತು ಆ ಕಡೆ ಈ ಕಡೆ ತಿರುಗಿದರು.

"ಎರಡೂ ಕಡೆ ಸಮ ಕಾಣುತ್ತಾ?"

"ಕಾಣುತ್ತೆ ಜಲಜಕ್ಕ."

"ಇವತ್ತು ನಿಮ್ಮ ಸಭೆಯಲ್ಲಿ ಏನಾಯ್ತು?"

"ಏನೂ ಆಗ್ಲಿಲ್ಲ. ನಿಮ್ಮ ಹೆಸರು ಎತ್ತಲಿಲ್ಲ."

ಜಲಜಮ್ಮ ಕನ್ನಡಿಯನ್ನೇ ನೋಡುತ್ತಾ ನಿಂತರು. ಅವರ ಮುಖದಲ್ಲಿ ಸಮಾಧಾನ ಬರಬೇಕಿತ್ತು, ಅದರ ಬದಲು ಇನ್ನೇನೋ ಬಂತು. "ಹಾಗಾದ್ರೆ ನನಗೋಸ್ಕರ ಯಾರೂ ಕೇಳಿಕೊಳ್ಳಲೇ ಇಲ್ವಾ?" ಎಂದರು. "ನಾಳೆ ಮತ್ತೆ ಆ ಔಷಧಿ ಏರಿಸ್ತಾರೆ ಕಣೆ. ನನಗೆ ತುಂಬಾ ಭಯ ಆಗುತ್ತೆ. ಮನೇಲಿ ಹೇಳಿದ್ರೆ ಅವರಿಬ್ಬರೂ ಹೆದರ್ತಾರೆ."

ಜಲಜಮ್ಮ ಬೆಂಚಿನ ಮೇಲೆ ಕೂತು, ಪಕ್ಕದ ಜಾಗವನ್ನು ತಟ್ಟಿದರು.

"ಈಗ ಮಾಡು, ಇಲ್ಲೇ. ನನಗೆ ಮಾತ್ರ ಕೇಳೋ ಹಾಗೆ."

ಸಲೋಮಿ ಅವರ ಪಕ್ಕ ಕೂತು, ಕೈ ಹಿಡಿದು, ಕಣ್ಣು ಮುಚ್ಚಿದಳು. "ಅಪ್ಪಾ, ನಮ್ಮ ಜಲಜಕ್ಕ..." ಎಂದಳು. ಗಂಟೆಗಟ್ಟಲೆ ಪ್ರಾರ್ಥಿಸುವವಳಿಗೆ ಮುಂದೆ ಒಂದು ಪದವೂ ಸಿಗಲಿಲ್ಲ. ಏನನ್ನು ಕೇಳಬೇಕೆಂದೇ ಗೊತ್ತಾಗಲಿಲ್ಲ.

ಜಲಜಮ್ಮ ಸಲೋಮಿಯ ಕೈಯನ್ನು ಗಟ್ಟಿಯಾಗಿ ಅಮುಕಿದರು.

"ಅಷ್ಟು ಸಾಕು ಬಿಡು" ಎಂದರು. "ನಾಳೆ ಬೆಳಿಗ್ಗೆ ಆಸ್ಪತ್ರೆಗೆ ನೀನೂ ಬಾ."